ಸಂಗಮ ಎರಡು ಪಾಯಿಂಟ್ ಒಂದು

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಈ ನಾಲ್ಕು ಊರುಗಳಲ್ಲಿ ಮೈಸೂರಿನ ಒಂದು ಸೇವಾ ಟ್ರಸ್ಟು ಚಿಕ್ಕ ಆಸ್ಪತ್ರೆಗಳನ್ನು ನಡೆಸುತ್ತಿತ್ತು. ನಾಲ್ಕಕ್ಕೂ ಬೇರೆ ಬೇರೆ ದಾನಿಗಳು ಬೇರೆ ಬೇರೆ ವರ್ಷಗಳಲ್ಲಿ ಕಂಪ್ಯೂಟರ್ ಕೊಡಿಸಿದ್ದರು. ಹಾಗಾಗಿ ರೋಗಿಗಳ ವಿವರವನ್ನು ಒಂದೊಂದು ಕಡೆ ಒಂದೊಂದು ರೀತಿಯಲ್ಲಿ ತುಂಬಿಸುತ್ತಿದ್ದರು. ಕೋಟೆಯಲ್ಲಿ ತೋರಿಸಿಕೊಂಡವನು ಹುಣಸೂರಿಗೆ ಬಂದರೆ ಹೊಸಬನೇ. ಮತ್ತೆ ಮೊದಲಿನಿಂದ ಪ್ರಶ್ನೆ, ಮತ್ತೆ ರಕ್ತಪರೀಕ್ಷೆ.

ನಾಲ್ಕೂ ಕಡೆಯ ವಿವರಗಳನ್ನು ಒಂದುಗೂಡಿಸುವ ಪ್ರೋಗ್ರಾಂ ಬರೆದವರು ರಾಣಿ ಮತ್ತು ಚಲುವರಾಜು. ರಾಣಿ ಗಾವಡಗೆರೆಯವಳು, ಚಲುವರಾಜು ಕೆ.ಆರ್. ನಗರದವನು. ಮೈಸೂರಿನಲ್ಲಿ ಒಟ್ಟಿಗೆ ಡಿಪ್ಲೊಮಾ ಓದಿದವರು. ಹುಣಸೂರು ಆಸ್ಪತ್ರೆಯ ಹಿಂಭಾಗದಲ್ಲಿ ಹಳೆಯ ಉಗ್ರಾಣವೊಂದನ್ನು ಖಾಲಿ ಮಾಡಿಸಿ ಅವರಿಗೆ ಕೊಟ್ಟಿದ್ದರು. ಪ್ರೋಗ್ರಾಮಿಗೆ 'ಸಂಗಮ' ಅಂತ ಹೆಸರಿಟ್ಟವನು ಚಲುವರಾಜು.

ಮೊದಲನೆಯ ಸಂಗಮ ಬಂದದ್ದು ತೊಂಬತ್ತೆಂಟರಲ್ಲಿ. ಅದು ಹುಣಸೂರು ಮತ್ತು ಪಿರಿಯಾಪಟ್ಟಣದ ವಿವರಗಳನ್ನು ಒಂದರ ಕೆಳಗೊಂದು ಪೇರಿಸುತ್ತಿತ್ತು, ಅಷ್ಟೆ. ಮರುವರ್ಷ ಕೆ.ಆರ್. ನಗರವನ್ನು ಸೇರಿಸಿಕೊಂಡಾಗ ಅಲ್ಲಿನವರು ತಾರೀಖಿಗಿಂತ ಮುಂಚೆ ತಿಂಗಳು ಬರೆಯುತ್ತಾರೆಂಬುದು ಗೊತ್ತಿರಲಿಲ್ಲ. ಇನ್ನೂ ಹುಟ್ಟದ ಕೂಸುಗಳಿಗೆ ಲಸಿಕೆ ಹಾಕಿದಂತೆ ಸಂಗಮ ತೋರಿಸಿದಾಗ ಎಲ್ಲರೂ ನಕ್ಕಿದ್ದರು. ಅದನ್ನು ಸರಿಮಾಡಿದ್ದು ಒಂದು ಪಾಯಿಂಟ್ ಒಂದು. ಎರಡು ಸಾವಿರದಲ್ಲಿ ಕೋಟೆಯೂ ಸೇರಿ ಸಂಗಮ ಎರಡಾಯಿತು. ರೋಗಿಯ ಹೆಸರು, ತಂದೆಯ ಅಥವಾ ಗಂಡನ ಹೆಸರು, ಊರು ಇವು ಮೂರೂ ಅಕ್ಷರಕ್ಕೆ ಅಕ್ಷರ ಹೊಂದಿದರೆ ಇಬ್ಬರೂ ಒಬ್ಬರೇ ಎಂದು ಅದು ಗುರುತಿಸುತ್ತಿತ್ತು. ಅನುಮಾನ ಬಂದರೆ ಪರದೆಯ ಮೇಲೆ ಕೇಳುತ್ತಿತ್ತು. ಗುಮಾಸ್ತರು ಹೌದು ಅಥವಾ ಅಲ್ಲ ಎಂದು ಒತ್ತಬೇಕು.

ವಾರಕ್ಕೊಮ್ಮೆ ಉಳಿದ ಮೂರೂ ಊರುಗಳಿಂದ ಬಸ್ಸಿನ ಕಂಡಕ್ಟರುಗಳ ಕೈಯಲ್ಲಿ ಫ್ಲಾಪಿಗಳು ಹುಣಸೂರಿಗೆ ಬರುತ್ತಿದ್ದವು. ಶನಿವಾರ ಎಲ್ಲವನ್ನೂ ಒಂದುಗೂಡಿಸಿ, ಸಿ.ಡಿ. ಮಾಡಿ, ಸೋಮವಾರ ವಾಪಸು ಕಳಿಸುತ್ತಿದ್ದರು.

ತೊಂದರೆಯಾದದ್ದು ಊರ ಹೆಸರುಗಳಿಂದ. ಗುಮಾಸ್ತರು ಇಂಗ್ಲಿಷಿನಲ್ಲಿ ಬರೆಯುತ್ತಿದ್ದರು, ಕಿವಿಗೆ ಬಿದ್ದಂತೆ ಬರೆಯುತ್ತಿದ್ದರು. ಹೊಸಹಳ್ಳಿ ಎಂದು ಒಬ್ಬರು, ಹೊಸಳ್ಳಿ ಎಂದು ಇನ್ನೊಬ್ಬರು, ಒಸಳ್ಳಿ ಎಂದು ಮತ್ತೊಬ್ಬರು. ಒಬ್ಬಳೇ ಬಸುರಿ ಪರದೆಯ ಮೇಲೆ ಮೂವರಾಗಿ ನಿಲ್ಲುತ್ತಿದ್ದಳು. ಹುಣಸೂರಿನ ಹಿರಿಯ ವೈದ್ಯರಾದ ನೀಲಕಂಠಸ್ವಾಮಿಯವರು ಇದರಿಂದ ರೋಸಿಹೋಗಿದ್ದರು.

"ರಾಣಿ, ನಿಮ್ಮ ಸಂಗಮಕ್ಕೆ ನಮ್ಮ ಜನರ ಮಾತೇ ಬರೋದಿಲ್ವಲ್ಲಮ್ಮ" ಎಂದಿದ್ದರು.

ಆ ಮಾತನ್ನು ಮನಸ್ಸಿಗೆ ಹಚ್ಚಿಕೊಂಡ ರಾಣಿ ಸಂಗಮಕ್ಕೆ ಊರ ಮಾತು ಕಲಿಸಲು ಕೂತಳು. ಪದದ ಮೊದಲು ಬರುವ ಹಕಾರವನ್ನು ಬಿಟ್ಟುಬಿಡು. ಎರಡು ಳಕಾರ ಇದ್ದರೆ ಒಂದೆಂದು ತಿಳಿ. ನಡುವೆ 'ಹ' ನುಂಗಿದ್ದರೂ ಅದೇ ಊರು. ವಯಸ್ಸು ಎರಡು ಮೂರು ವರ್ಷ ಆಚೀಚೆ ಇದ್ದರೆ ಲೆಕ್ಕಕ್ಕೆ ಇಡಬೇಡ, ಹುಟ್ಟಿದ ದಿನ ಗೊತ್ತಿರುವವರು ಇಲ್ಲಿ ಕಡಿಮೆ. ಹೀಗೆ ಒಂದೊಂದಾಗಿ ಕಲಿಸಿದಳು. ಅದು ಎರಡು ಪಾಯಿಂಟ್ ಒಂದು.

ಕೊನೆಯ ಗಳಿಗೆಯಲ್ಲಿ ಚಲುವರಾಜು ಒಂದು ಬದಲಾವಣೆ ಮಾಡಿದ. ಅನುಮಾನ ಬಂದಾಗ ಕೇಳುತ್ತಿದ್ದ ಆ ಪ್ರಶ್ನೆಯನ್ನು ತೆಗೆದುಹಾಕಿ, ಸಂಗಮ ತಾನೇ ಹೌದು ಎಂದುಕೊಂಡು ಕೂಡಿಸುವಂತೆ ಮಾಡಿದ.

"ಯಾಕೋ ತೆಗ್ದೆ?" ಎಂದು ರಾಣಿ ಕೇಳಿದಳು.

"ಈಗ ನೂರಾರು ಸಲ ಕೇಳ್ತದೆ ಕಣೇ. ಶನಿವಾರ ಪೂರ್ತಿ ಕೂತು ಒತ್ತೋರು ಯಾರು? ಕೇಳಿದ್ರೂ ಅವರು ಹೌದು ಅಂತಾನೇ ಒತ್ತೋದು. ನೋಡಿಲ್ವಾ ನೀನು, ಟೀ ಕುಡೀತಾ ಒತ್ತುತಾ ಇರ್ತಾರೆ. ಮುಂದಿನ ವಾರ ಟ್ರಸ್ಟಿನವರು ಮೈಸೂರಿಂದ ನೋಡಕ್ಕೆ ಬತ್ತಾವ್ರೆ. ಒಂದು ಸಲ ಒತ್ತಿದ್ರೆ ನಾಲ್ಕೂ ಊರು ಕೂಡ್ಕೋಬೇಕು."

ರಾಣಿಗೆ ಅದು ಸರಿಯೆನಿಸಲಿಲ್ಲ. ಆದರೆ ತಪ್ಪು ಎಂದು ಹೇಳುವುದಕ್ಕೂ ಅವಳಲ್ಲಿ ಕಾರಣ ಇರಲಿಲ್ಲ. ಗುಮಾಸ್ತರು ನೋಡದೆಯೇ ಒತ್ತುತ್ತಿದ್ದುದು ನಿಜವೇ ಆಗಿತ್ತು. ಶನಿವಾರ ಸಂಗಮ ಓಡಿತು. ಸಾವಿರಾರು ಹೆಸರುಗಳು ಕೂಡಿಕೊಂಡು ಪಟ್ಟಿ ಚೊಕ್ಕವಾಯಿತು. ಹುಣಸೂರಿನ ಕಂಪ್ಯೂಟರಿಗೆ ಅವತ್ತೇ ತುಂಬಿಸಿದರು. ಉಳಿದ ಊರುಗಳ ಸಿ.ಡಿ.ಗಳನ್ನು ಕಟ್ಟಿಟ್ಟರು.

ಸೋಮವಾರ ಪಿರಿಯಾಪಟ್ಟಣದ ಸಿ.ಡಿ.ಯನ್ನು ರಾಣಿ ತಾನೇ ಹಿಡಿದುಕೊಂಡು ಹೊರಟಳು. ಎರಡು ಸಾವಿರದ ಒಂದರ ಅಕ್ಟೋಬರ್ ತಿಂಗಳು. ಹೊಗೆಸೊಪ್ಪಿನ ಹರಾಜು ಶುರುವಾಗಿತ್ತು. ದಾರಿಯುದ್ದಕ್ಕೂ ಸೊಪ್ಪನ್ನು ಬಿಗಿದು ಕಟ್ಟಿದ ಬೇಲುಗಳನ್ನು ತುಂಬಿದ ಟ್ರಾಕ್ಟರುಗಳು.

ಆಸ್ಪತ್ರೆಯ ಕಿಟಕಿಯಲ್ಲಿ ಕೂರುವ ಗುಮಾಸ್ತ ಮಲ್ಲೇಶ್ ಹೊಸ ಸಂಗಮವನ್ನು ಹಾಕಿಸಿಕೊಂಡು ಖುಷಿಯಾಗಿದ್ದ. ರಾಣಿ ಅವನ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತಿದ್ದಳು. ನಾಲ್ಕೈದು ಜನ ಬಂದು ಹೋದರು. ಆಮೇಲೆ ಒಬ್ಬಳು ಸಣಕಲು ಹೆಂಗಸು ಕಿಟಕಿಯ ಕಂಬಿ ಹಿಡಿದುಕೊಂಡು ಏದುಸಿರು ಬಿಡುತ್ತ ನಿಂತಳು. ಹಿಂದೆ ಅವಳ ಗಂಡ.

"ಹೆಸ್ರು ಯೋಳವ್ವ" ಎಂದ ಮಲ್ಲೇಶ್.

"ಪುಟ್ಟಮಾದಮ್ಮ. ಯಜಮಾನ್ರು ನಂಜಣ್ಣ. ಒಸಳ್ಳಿ, ರಾವಂದೂರತ್ರ."

ಮಲ್ಲೇಶ್ ಹೆಸರು ಕುಟ್ಟಿದ. ಪರದೆ ನೋಡಿದ. ಅವಳ ಮುಖ ನೋಡಿದ.

"ಏನವ್ವ, ನೀನು ಹುಣಸೂರು ಆಸ್ಪತ್ರೇಲಿ ಮಲಗಿದ್ದೀಯಲ್ಲ?"

"ನಾನಾ? ನಾನ್ಯಾಕೆ ಅಲ್ಲಿಗೋಗಿ ಮನೀಕಳ್ಳಿ ಕಣಪ್ಪ?"

ಗಂಡ ಮುಂದೆ ಬಂದ. "ನಾವೀಗ ರಾವಂದೂರು ಬಸ್ನಾಗೆ ಬಂದೋ ಸಾಮಿ. ಇವತ್ತು ಇವಳ ಸೂಜಿ ದಿವ್ಸ. ಎದೆ ಕಾಯ್ಲೆ. ಮೂರು ವಾರಕ್ಕೊಂದು ಸೂಜಿ ನೀವೇ ಆಕೋದು, ನಿಮಗೆ ಗೊತ್ತಿಲ್ವಾ?"

"ಗೊತ್ತಪ್ಪ. ಆದ್ರೆ ಇಲ್ಲಿ ನೋಡು. ಶುಕ್ರವಾರ ಹುಣಸೂರಲ್ಲಿ ಅಡ್ಮಿಟ್ ಆಗವ್ಳೆ. ಕಾಲು ಹುಣ್ಣು, ಒಳರೋಗಿ. ಅಲ್ಲಿ ಮಲಗಿರೋಳಿಗೆ ನಾನಿಲ್ಲಿ ಸೂಜಿ ಚೀಟಿ ಕೊಡಕ್ಕಾಯ್ತದಾ? ತಗೋಳಕ್ಕೇ ಬುಡ್ತಾ ಇಲ್ಲ ಇದು."

ಹೆಂಗಸು ತನ್ನ ಕಾಲುಗಳನ್ನು ಒಮ್ಮೆ ನೋಡಿಕೊಂಡಳು. ಹುಣ್ಣು ಇದೆಯೇನೋ ಎಂದು ಪರೀಕ್ಷಿಸುವವಳಂತೆ.

ರಾಣಿಗೆ ಮೊದಲು ನಗು ಬಂತು. ಹುಣಸೂರಿನ ಗುಮಾಸ್ತ ಯಾರದೋ ಹೆಸರಿಗೆ ಯಾರನ್ನೋ ಬರೆದಿರಬೇಕು ಅಂದುಕೊಂಡಳು. ಆಮೇಲೆ ನಗು ಹಾಗೇ ಮುಖದ ಮೇಲೆ ನಿಂತುಬಿಟ್ಟಿತು. ಎದುರಿಗೆ ನಿಂತು ಉಸಿರಾಡಲು ಕಷ್ಟಪಡುತ್ತಿರುವವಳು ಇವಳು. ಹಾಗಾದರೆ ಅಲ್ಲಿ ಮಲಗಿರುವವಳು ಯಾರು?

ಅವಳ ಚೀಲದಲ್ಲಿ ಹಳೆಯ ಸಂಗಮದ ಸಿ.ಡಿ. ಇತ್ತು. ಹೊಸದು ಕೈಕೊಟ್ಟರೆ ಇರಲಿ ಎಂದು ತಂದಿದ್ದಳು. ಮಲ್ಲೇಶನನ್ನು ಎಬ್ಬಿಸಿ ತಾನೇ ಕೂತು ಅದನ್ನು ತೆರೆದಳು. ಹಳೆಯದರಲ್ಲಿ ಪುಟ್ಟಮಾದಮ್ಮಂದಿರು ಇಬ್ಬರಿದ್ದರು. ಇಬ್ಬರ ಗಂಡಂದಿರ ಹೆಸರೂ ನಂಜಣ್ಣ. ಒಬ್ಬಳದು ರಾವಂದೂರು ಹೋಬಳಿಯ ಹೊಸಹಳ್ಳಿ, ಇನ್ನೊಬ್ಬಳದು ಗುರುಪುರದ ಹತ್ತಿರದ ಒಸಳ್ಳಿ. ಸಂಗಮ ಹೋಲಿಸುತ್ತಿದ್ದುದು ಊರಿನ ಹೆಸರನ್ನು ಮಾತ್ರ, ಹೋಬಳಿಯನ್ನಲ್ಲ. ವಯಸ್ಸು ಮೂವತ್ತನಾಲ್ಕು, ಮೂವತ್ತಾರು.

ಗುರುಪುರದವಳು ತೊಂಬತ್ತೊಂಬತ್ತರಲ್ಲಿ ತವರಿಗೆ ಹೋದಾಗ ಕೋಟೆಯ ಆಸ್ಪತ್ರೆಯಲ್ಲಿ ತೋರಿಸಿದ್ದಳು. ಷರಾದಲ್ಲಿ ಅಲ್ಲಿನ ವೈದ್ಯರು ದೊಡ್ಡಕ್ಷರದಲ್ಲಿ ಬರೆಸಿದ್ದರು: ಪೆನ್ಸಿಲಿನ್ ಕೊಡಬಾರದು. ಕೊಟ್ಟಾಗ ಉಸಿರು ನಿಂತಿತ್ತು.

ರಾಣಿ ಹೊಸದನ್ನು ತೆರೆದಳು. ಅಲ್ಲಿ ಒಬ್ಬಳೇ ಪುಟ್ಟಮಾದಮ್ಮ. ಷರಾ ಒಂದೇ ಸಾಲು: ಪೆನ್ಸಿಲಿನ್, ಮೂರು ವಾರಕ್ಕೊಮ್ಮೆ, ತೊಂದರೆ ಇಲ್ಲ. ಎರಡು ಷರಾ ಎದುರಾದರೆ ಹೊಸ ತಾರೀಖಿನದನ್ನು ಉಳಿಸಿಕೋ ಎಂಬುದು ಸಂಗಮಕ್ಕೆ ಮೊದಲಿನಿಂದ ಇದ್ದ ನಿಯಮ. ಕೋಟೆಯ ಮಾತು ಹಳೆಯದು, ಅಳಿಸಿಹೋಗಿತ್ತು.

ರಾಣಿ ಕುರ್ಚಿಯಿಂದ ಎದ್ದಳು. ಒಳಗಿದ್ದ ನರ್ಸ್ ಪುಟ್ಟಲಕ್ಷ್ಮಿಯನ್ನು ಕೂಗಿ ಕರೆದಳು.

"ಸಿಸ್ಟರ್, ಕಾಲು ಹುಣ್ಣು ಮಾತ್ರೆಗೆ ಬಗ್ಗದೇ ಹೋದರೆ ಡಾಕ್ಟ್ರು ಏನು ಕೊಡ್ತಾರೆ?"

"ಹುಣ್ಣು ನೋಡಿ ಹೇಳಬೇಕು ಮೇಡಂ. ಪೆನ್ಸಿಲಿನ್ ಇಂಜೆಕ್ಷನ್ ಕೊಡಬಹುದು."

"ಅದು ಒಗ್ಗದೇ ಇರೋರಿಗೆ?"

"ಮೊದಲು ಚರ್ಮಕ್ಕೆ ಒಂದು ತೊಟ್ಟು ಕೊಟ್ಟು ನೋಡ್ತೀವಲ್ಲ, ಟೆಸ್ಟ್ ಡೋಸು. ಅದರಲ್ಲೇ ಗೊತ್ತಾಗ್ತದೆ." ಪುಟ್ಟಲಕ್ಷ್ಮಿ ದನಿ ತಗ್ಗಿಸಿದಳು. "ಯಾವಾಗಲೂ ತಗೊಂಡು ರೂಢಿ ಇರೋರಿಗೆ ಒಂದೊಂದು ಸಲ ನೋಡಲ್ಲ. ರಶ್ ಇದ್ರೆ."

ರಾಣಿ ಫೋನಿಗೆ ಧಾವಿಸಿದಳು. ಹುಣಸೂರು ಆಸ್ಪತ್ರೆಗೆ ಇದ್ದದ್ದು ಒಂದೇ ಲೈನು. ಎಂಗೇಜ್. ಮತ್ತೆ ತಿರುಗಿಸಿದಳು. ಎಂಗೇಜ್. ಯಾಕೆಂದು ಅವಳಿಗೆ ಥಟ್ಟನೆ ಹೊಳೆಯಿತು. ಬೆಳಗಿನ ಹೊತ್ತು ಚಲುವರಾಜು ಅದೇ ಲೈನಿನಲ್ಲಿ ಇಂಟರ್ನೆಟ್ ಹಾಕಿಕೊಂಡು ಕೂರುತ್ತಿದ್ದ. ಒಮ್ಮೆ ಕೂತರೆ ಎರಡು ಗಂಟೆ ಏಳುತ್ತಿರಲಿಲ್ಲ. ನೀಲಕಂಠಸ್ವಾಮಿಯವರು ವಾರ್ಡು ಸುತ್ತುವುದು ಹನ್ನೊಂದರ ಸುಮಾರಿಗೆ. ಗೋಡೆಯ ಗಡಿಯಾರದಲ್ಲಿ ಹತ್ತು ದಾಟಿತ್ತು.

"ಮಲ್ಲೇಶ್, ನೀವು ಫೋನು ಮಾಡ್ತಾನೇ ಇರಿ. ಸಿಕ್ಕ ತಕ್ಷಣ ಹೇಳಿ, ಪುಟ್ಟಮಾದಮ್ಮನಿಗೆ ಪೆನ್ಸಿಲಿನ್ ಕೊಡಬಾರದು ಅಂತ. ಮತ್ತೆ ಈ ಕಂಪ್ಯೂಟರ್ ಆಫ್ ಮಾಡಿ. ಯಾರಿಗೂ ಇದನ್ನು ನೋಡಿ ಔಷಧಿ ಕೊಡಬೇಡಿ. ಸಿಸ್ಟರ್, ಈ ಅಮ್ಮನಿಗೆ ಅವರು ಹೇಳೋದನ್ನ ಕೇಳಿ, ಡಾಕ್ಟ್ರಿಗೆ ತೋರಿಸಿ ಸೂಜಿ ಹಾಕಿ. ಪರೀಕ್ಷೆ ಮಾಡಿ ಹಾಕಿ."

"ಏನಾಯ್ತು ಮೇಡಂ?" ಎಂದು ಮಲ್ಲೇಶ್ ಕೇಳುವಷ್ಟರಲ್ಲಿ ಅವಳು ರಸ್ತೆಯಲ್ಲಿದ್ದಳು.

ಕುಶಾಲನಗರದ ಕಡೆಯಿಂದ ಬಂದ ಮೈಸೂರು ಬಸ್ಸು ಸಿಕ್ಕಿತು. ಸೀಟಿದ್ದರೂ ಅವಳು ಕೂರಲಿಲ್ಲ. ಕಂಬಿ ಹಿಡಿದು ಡ್ರೈವರನ ಹಿಂದೆಯೇ ನಿಂತಳು. ಕಾಣದ ಆ ಹೆಂಗಸಿನ ಮುಖವನ್ನು ಕಲ್ಪಿಸಿಕೊಳ್ಳಲು ಹೋದರೆ ಕಿಟಕಿಯಲ್ಲಿ ಕಂಡ ಸಣಕಲು ಮುಖವೇ ಬರುತ್ತಿತ್ತು. ಸಂಗಮದ ಹಾಗೆ ಅವಳ ಮನಸ್ಸೂ ಇಬ್ಬರನ್ನು ಒಂದು ಮಾಡಿಬಿಟ್ಟಿತ್ತು. ದಾರಿಯಲ್ಲಿ ಯಾವುದೋ ಗೇಟಿನ ಬಳಿ ಕಂಡಕ್ಟರು "ಒಸಳ್ಳಿ, ಒಸಳ್ಳಿ ಯಾರ್ರೀ, ಬ್ಯಾಗ ಇಳ್ಕಳಿ" ಎಂದು ಕೂಗಿದಾಗ ಅವಳು ತಿರುಗಿ ನೋಡಿದಳು. ಇದು ಮೂರನೆಯ ಹೊಸಹಳ್ಳಿ. ಈ ನಾಲ್ಕು ತಾಲ್ಲೂಕುಗಳಲ್ಲಿ ಹೊಸಹಳ್ಳಿಗಳೆಷ್ಟು, ಹೊಸೂರುಗಳೆಷ್ಟು, ಮಾದಮ್ಮಂದಿರೆಷ್ಟು, ನಂಜಣ್ಣಂದಿರೆಷ್ಟು? ಮಗುವಿಗೆ ತಾತನ ಹೆಸರಿಡುವ ನಾಡಿದು. ಬೆಟ್ಟದ ದೇವರ ಹೆಸರನ್ನು ಊರಿಗೆ ಹತ್ತು ಮಂದಿ ಇಟ್ಟುಕೊಳ್ಳುವ ನಾಡು. ಸಂಗಮಕ್ಕೆ ಊರ ಮಾತು ಕಲಿಸಿದ ತಾನು ಇದನ್ನು ಹೇಗೆ ಮರೆತೆ?

ಹರಾಜು ಕಟ್ಟೆಯ ಬಳಿ ಬಸ್ಸು ನಿಂತುಬಿಟ್ಟಿತು. ಬೇಲು ಹೇರಿದ ಟ್ರಾಕ್ಟರೊಂದು ರಸ್ತೆಗೆ ಅಡ್ಡಲಾಗಿ ಮಗುಚಿತ್ತು. ಹಿಂದೆ ಮುಂದೆ ಕಣ್ಣು ಹಾಯುವವರೆಗೂ ಗಾಡಿಗಳು.

"ಎಷ್ಟೊತ್ತಾಯ್ತದೆ?" ಎಂದು ಡ್ರೈವರನನ್ನು ಕೇಳಿದಳು.

"ಬೇಲ್ ಎತ್ತೋಗಂಟ ಏನೂ ಯೋಳಕ್ಕಾಗಕಿಲ್ಲ ಕಣವ್ವ."

ಅವಳು ಇಳಿದು ಓಡಿದಳು. ಹೊಗೆಸೊಪ್ಪಿನ ಸಿಹಿಗಾಟು ಗಂಟಲಿಗೆ ಹತ್ತುತ್ತಿತ್ತು. ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತು. ಬಿಸಾಕಿ ಬರಿಗಾಲಲ್ಲಿ ಓಡಿದಳು. ಸಾಲಿನ ತುದಿಯಲ್ಲಿ ಹೊಲಕ್ಕೆ ಇಳಿದು ತಿರುಗಿಸಿಕೊಂಡು ಬಂದ ಜೀಪೊಂದು ರಸ್ತೆಗೆ ಹತ್ತುತ್ತಿತ್ತು. ಬೈಲಕುಪ್ಪೆಯಿಂದ ಗುರುಪುರದ ಟಿಬೆಟನ್ ಕ್ಯಾಂಪಿಗೆ ಹೊರಟಿದ್ದ ಗಾಡಿ. ಅವಳು ಅದರ ಮುಂದೆ ಹೋಗಿ ಎರಡೂ ಕೈ ಅಡ್ಡ ಹಿಡಿದಳು.

"ಹುಣಸೂರು ಆಸ್ಪತ್ರೆ. ಒಬ್ಬರ ಪ್ರಾಣ ಹೋಗ್ತದೆ" ಅಂದಳು. ಅಷ್ಟೇ ಹೇಳಲು ಉಸಿರಿತ್ತು.

ವಯಸ್ಸಾದ ಟಿಬೆಟನ್ ಚಾಲಕ ಏನನ್ನೂ ಕೇಳಲಿಲ್ಲ. ಪಕ್ಕದಲ್ಲಿದ್ದ ಮೂಟೆಯನ್ನು ಹಿಂದಕ್ಕೆ ಎಸೆದು "ಹತ್ತಮ್ಮ" ಎಂದ.

ಹುಣಸೂರು ಆಸ್ಪತ್ರೆಯ ಮೆಟ್ಟಿಲು ಹತ್ತುವಾಗಲೇ ಒಳಗೆ ಯಾರೋ ಓಡುವ ಸದ್ದು ಕೇಳಿತು. ಆಸ್ಪತ್ರೆಯಲ್ಲಿ ನರ್ಸುಗಳು ಬಿರುಸಾಗಿ ನಡೆಯುತ್ತಾರೆ, ಓಡುವುದಿಲ್ಲ. ರಾಣಿ ಉಳಿದ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದಳು.

ಸಿಸ್ಟರ್ ಅನು ಆಕ್ಸಿಜನ್ ಸಿಲಿಂಡರನ್ನು ಎಳೆದುಕೊಂಡು ಹೆಂಗಸರ ವಾರ್ಡಿನ ಕಡೆ ಹೋಗುತ್ತಿದ್ದಳು. ಕೇರಳದ ಮಾನಂದವಾಡಿಯ ಕಡೆಯಿಂದ ಬಂದ ಹುಡುಗಿ. ಬಹಳ ನಿಧಾನಸ್ಥೆ.

"ಸಿಸ್ಟರ್, ಯಾರಿಗೆ?"

"ಆ ಕಾಲು ಹುಣ್ಣಿನ ಅಮ್ಮ. ಇಂಜೆಕ್ಷನ್ ಕೊಟ್ಟೆ, ಸೂಜಿ ತೆಗೆದು ತಿರುಗಿದೆ, ಅಷ್ಟರಲ್ಲಿ... ಎಂಟೆ ದೈವಮೇ..."

ವಾರ್ಡಿನ ತುದಿಯ ಮಂಚದ ಸುತ್ತ ಜನ. ನೀಲಕಂಠಸ್ವಾಮಿಯವರು ಬಗ್ಗಿ ನಿಂತಿದ್ದರು. ಮಂಚದ ಮೇಲಿದ್ದ ಹೆಂಗಸು ಸಣಕಲಲ್ಲ, ತುಂಬಿದ ಮೈಯವಳು. ತುಟಿ, ಕಣ್ಣಿನ ರೆಪ್ಪೆ ಊದಿಕೊಂಡು ಮುಖ ಮುಖದ ಹಾಗೆ ಇರಲಿಲ್ಲ. ಬಾಯಿ ತೆರೆದಿತ್ತು. ಗಂಟಲಿನಿಂದ ಕೊಳಲಿನ ಹಾಗೆ ಸಣ್ಣ ಶಿಳ್ಳೆ ಬರುತ್ತಿತ್ತು. ಕೈಯೊಂದು ಹಾಸಿಗೆಯನ್ನು ಪರಚುತ್ತಿತ್ತು. ನೋಡುನೋಡುತ್ತಿದ್ದಂತೆ ಆ ಪರಚುವುದು ನಿಧಾನವಾಯಿತು.

"ಸರ್, ಪೆನ್ಸಿಲಿನ್ ಆಗಲ್ಲ ಅವರಿಗೆ. ಕೋಟೆಯಲ್ಲಿ ಹಿಂದೆ ಉಸಿರು ನಿಂತಿತ್ತು" ಎಂದು ರಾಣಿ ಬಾಗಿಲಿನಿಂದಲೇ ಕೂಗಿದಳು.

ಡಾಕ್ಟರು ತಿರುಗಲಿಲ್ಲ. "ಗೊತ್ತಾಯ್ತು ಈಗ. ಅಡ್ರಿನಲಿನ್ ಕೊಟ್ಟಾಗಿದೆ. ಇನ್ನೊಂದು ತುಂಬಿಸಿ ಸಿಸ್ಟರ್. ಕಾಲು ಎತ್ತಿ ಹಿಡೀರಿ ಯಾರಾದರೂ."

ರಾಣಿ ಹೋಗಿ ಕಾಲು ಎತ್ತಿ ಹಿಡಿದಳು. ಒಂದು ಕಾಲಿಗೆ ಬ್ಯಾಂಡೇಜು ಸುತ್ತಿತ್ತು. ಇನ್ನೊಂದು ಪಾದ ಅವಳ ಅಂಗೈಯಲ್ಲಿ ತಣ್ಣಗೆ ಒದ್ದೆಯಾಗಿತ್ತು. ಹೊಲದಲ್ಲಿ ಒಡೆದ ಹಿಮ್ಮಡಿ. ಕಾಲುಬೆರಳಲ್ಲಿ ಬೆಳ್ಳಿಯ ಕಾಲುಂಗುರ. ರಾಣಿ ಮುಖ ನೋಡುವ ಧೈರ್ಯವಿಲ್ಲದೆ ಆ ಕಾಲುಂಗುರವನ್ನೇ ನೋಡುತ್ತ ನಿಂತಳು. ಶಿಳ್ಳೆ ಕೇಳಿಸುವವರೆಗೂ ಬದುಕಿದ್ದಾಳೆ. ಶಿಳ್ಳೆ ನಿಂತರೆ?

ಶಿಳ್ಳೆ ನಿಂತಿತು.

ಮೂಲೆಯಲ್ಲಿ ಗೋಡೆಗೆ ಒರಗಿದ್ದ ಮುದುಕಿ, ಪುಟ್ಟಮಾದಮ್ಮನ ಅತ್ತೆ ಸಿದ್ದಲಿಂಗಮ್ಮ, ಬಾಯಿ ಬಡಿದುಕೊಂಡಳು. "ಅವ್ಳು ಯೋಳುದ್ಲಲ್ಲ ಸಾಮೀ! ಬ್ಯಾಡ, ನಂಗಾಗಾಕಿಲ್ಲ ಅಂತ ಯೋಳುದ್ಲಲ್ಲ! ಕೇಳುದ್ರಾ ನೀವು?"

ಡಾಕ್ಟರು ರಬ್ಬರಿನ ಅಂಬು ಚೀಲವನ್ನು ಹಿಡಿದು ಪುಟ್ಟಮಾದಮ್ಮನ ಬಾಯಿಗೆ ಒತ್ತಿ ಗಾಳಿ ಊದತೊಡಗಿದರು. ಅವರ ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗೆ ಇಳಿದಿತ್ತು. ಅನು ಇನ್ನೊಂದು ಸೂಜಿ ಚುಚ್ಚಿದಳು. ಪಕ್ಕದ ಮಂಚಗಳ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ಎದ್ದು ಕೂತಿದ್ದರು. ಎಷ್ಟು ಹೊತ್ತು ಹಾಗೆ ಕಳೆಯಿತೋ ರಾಣಿಗೆ ಆಮೇಲೆ ಎಷ್ಟು ನೆನೆದರೂ ತಿಳಿಯಲಿಲ್ಲ. ಅವಳ ಅಂಗೈಯಲ್ಲಿದ್ದ ಪಾದದ ಹೆಬ್ಬೆರಳು ಒಮ್ಮೆ ಸೆಟೆಯಿತು. ಆಮೇಲೆ ಗಂಟಲಿನಿಂದ ಒರಟಾದ, ಕೆಮ್ಮಿನಂಥ ಒಂದು ಉಸಿರು. ಅದರ ಹಿಂದೆ ಇನ್ನೊಂದು.

ನೀಲಕಂಠಸ್ವಾಮಿಯವರು ಮಂಚದ ಅಂಚಿಗೆ ಕೂತರು. "ಬಂದಳು" ಎಂದರು, ತಮಗೆ ತಾವೇ.

ಮಧ್ಯಾಹ್ನದ ಹೊತ್ತಿಗೆ ಪುಟ್ಟಮಾದಮ್ಮ ಕಣ್ಣು ಬಿಟ್ಟು ನೀರು ಕೇಳಿದಳು. ಆಗ ಡಾಕ್ಟರು ರಾಣಿಯನ್ನು ತಮ್ಮ ಕೋಣೆಗೆ ಕರೆದರು. ಅವಳು ಎಲ್ಲವನ್ನೂ ಹೇಳಿದಳು. ಹಕಾರ ಬಿಡಿಸಿದ್ದು, ಪ್ರಶ್ನೆ ತೆಗೆದದ್ದು, ಷರಾ ಅಳಿಸಿಹೋದದ್ದು. ಅವರು ಮೇಜಿನ ಮೇಲಿದ್ದ ಪೇಪರ್‌ವೇಟನ್ನು ತಿರುಗಿಸುತ್ತ ಕೇಳಿಸಿಕೊಂಡರು.

"ಮಾತ್ರೆಗೆ ಬಗ್ಗಲಿಲ್ಲ ಅಂತ ಪೆನ್ಸಿಲಿನ್ ಬರೆದವನು ನಾನು. ಆಕೆ ಬೇಡ ಅಂತಿದ್ದಾಳೆ ಅಂತ ಸಿಸ್ಟರ್ ಬಂದು ಕೇಳಿದಳು. ಪರದೆ ನೋಡಿ, ಹದಿನೈದು ತಿಂಗಳಿಂದ ತಗೊಳ್ತಿದ್ದಾಳೆ, ಸೂಜಿಗೆ ಹೆದರಿ ಹಾಗಂತಾಳೆ, ಕೊಡಿ ಅಂದೆ." ತಿರುಗಿಸುತ್ತಿದ್ದುದನ್ನು ಪಕ್ಕಕ್ಕೆ ಸರಿಸಿದರು. "ಅದಿರಲಿ. ಇಂಥವರು ಇನ್ನೆಷ್ಟು ಜನ ಇದ್ದಾರೆ ರಾಣಿ?"

"ಗೊತ್ತಿಲ್ಲ ಸರ್."

"ಅಂದಾಜು?"

"ಅಂದಾಜೂ ಗೊತ್ತಿಲ್ಲ."

ಆ ಎರಡು ಮಾತು ಹೇಳುವಾಗ ಅವಳಿಗೆ ವಾರ್ಡಿನಲ್ಲಿ ಆಗಿದ್ದಕ್ಕಿಂತ ಹೆಚ್ಚು ಭಯವಾಯಿತು. ಅಲ್ಲಿ ಒಬ್ಬಳಿದ್ದಳು, ಕಣ್ಣೆದುರಿಗೆ ಇದ್ದಳು. ಇವರು ಎಲ್ಲಿದ್ದಾರೋ.

ಚಲುವರಾಜು ಉಗ್ರಾಣದ ಕೋಣೆಯಲ್ಲಿ ಮಾಡೆಮ್ ಎದುರು ಕೂತಿದ್ದ. ಗಲಾಟೆ ಅವನಿಗೆ ಕೇಳಿಸಿಯೇ ಇರಲಿಲ್ಲ. ರಾಣಿ ಬಂದು ಹೇಳಿದಾಗ ಅವನು ಮೊದಲು ನಂಬಲಿಲ್ಲ.

"ಟೆಸ್ಟ್ ಡೋಸ್ ಕೊಡ್ಬೇಕಿತ್ತು ತಾನೆ ಅವರು? ಅದು ನರ್ಸ್ ತಪ್ಪು ಕಣೇ, ನಮ್ದಲ್ಲ."

ರಾಣಿ ಅವನ ರಟ್ಟೆ ಹಿಡಿದು ಎಬ್ಬಿಸಿ ವಾರ್ಡಿಗೆ ಕರೆದುಕೊಂಡು ಹೋದಳು. ಬಾಗಿಲಲ್ಲಿ ನಿಲ್ಲಿಸಿದಳು. ಊದಿದ ಮುಖ, ಮೂಗಿಗೆ ಕೊಳವೆ, ಪಕ್ಕದಲ್ಲಿ ಸೊಸೆಯ ಕೈ ಹಿಡಿದು ಕೂತ ಸಿದ್ದಲಿಂಗಮ್ಮ. ಚಲುವರಾಜು ಸ್ವಲ್ಪ ಹೊತ್ತು ನೋಡಿದ. ಹೊರಗೆ ನಲ್ಲಿಯ ಬಳಿಗೆ ಹೋದ. ಮುಖ ತೊಳೆದುಕೊಂಡು ಬಂದು, "ಕೋಟೆ ಸಿ.ಡಿ. ಬೆಳಗ್ಗೇನೇ ಹೋಯ್ತು. ಕೆ.ಆರ್. ನಗರದ್ದೂ ಹೋಯ್ತು" ಎಂದ. ಅವನ ದನಿ ಮಕ್ಕಳದಾಗಿತ್ತು.

ಕೆ.ಆರ್. ನಗರಕ್ಕೆ ಫೋನು ಸಿಕ್ಕಿತು. ಕೋಟೆಗೆ ಸಿಗಲಿಲ್ಲ. ಚಲುವರಾಜು ಡಾಕ್ಟರ ಸ್ಕೂಟರ್ ತೆಗೆದುಕೊಂಡು ಕೋಟೆಗೆ ಹೊರಟ. ಅವನು ಹೋಗಿ ಮುಟ್ಟುವ ಹೊತ್ತಿಗೆ ಅಲ್ಲಿ ಹೊಸ ಸಂಗಮ ನೋಡಿ ಇಡೀ ಬೆಳಗ್ಗೆ ಔಷಧಿ ಕೊಟ್ಟು ಮುಗಿಸಿದ್ದರು.

ಆಮೇಲಿನ ದಿನಗಳು ರಾಣಿಗೆ ಒಂದೇ ದಿನದಂತೆ ಕಳೆದವು. ನಾಲ್ಕೂ ಆಸ್ಪತ್ರೆಗಳಲ್ಲಿ ಕಂಪ್ಯೂಟರ್ ಮುಚ್ಚಿ, ರೋಗಿಗಳನ್ನು ಬಾಯಲ್ಲಿ ಕೇಳಿ ಔಷಧಿ ಕೊಡುವುದು ಶುರುವಾಯಿತು. ಹಳೆಯ ಸಿ.ಡಿ. ಇದ್ದದ್ದರಿಂದ ಕೂಡಿಹೋದವರಲ್ಲಿ ಹೆಚ್ಚಿನವರನ್ನು ಬಿಡಿಸಬಹುದಾಗಿತ್ತು. ಆದರೆ ಯಾರು ನಿಜವಾಗಿ ಒಬ್ಬರು, ಯಾರು ಇಬ್ಬರು ಎಂಬುದನ್ನು ಹೇಳುವವರು ಆಯಾ ಊರುಗಳಲ್ಲೇ ಇದ್ದರು. ರಾಣಿ, ಚಲುವರಾಜು ಇಬ್ಬರೂ ಊರೂರು ತಿರುಗಿದರು. ಪ್ರತಿ ಮನೆಯ ಬಾಗಿಲು ತಟ್ಟುವಾಗಲೂ ರಾಣಿಗೆ ಒಂದೇ ಹೆದರಿಕೆ. ಒಳಗಿನಿಂದ ಬಂದವರು 'ಅವರು ಓಗ್ಬುಟ್ರು ಕಣವ್ವ' ಅಂದರೆ?

ಪುಟ್ಟಮಾದಮ್ಮ ಮನೆಗೆ ಹೊರಡುವ ದಿನ ರಾಣಿ ಅವಳ ಮಂಚದ ಬಳಿ ಹೋಗಿ ಕೂತಳು. ಊತ ಇಳಿದ ಮೇಲೆ ನೋಡಿದರೆ ದುಂಡು ಮುಖದ, ನಗುವ ಕಣ್ಣಿನ ಹೆಂಗಸು.

"ನಿಮಗೆ ಆ ಸೂಜಿ ಆಗಲ್ಲ ಅಂತ ನೆನಪಿತ್ತಲ್ಲವ್ವ. ಇನ್ನೊಂಚೂರು ಜೋರಾಗಿ ಹೇಳಬಾರದಿತ್ತಾ?" ಎಂದು ಕೇಳಿದಳು. ಕೇಳಿದ ಮೇಲೆ ಯಾಕೆ ಕೇಳಿದೆನೋ ಅನ್ನಿಸಿತು.

ಪುಟ್ಟಮಾದಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಯೋಳ್ದೆ ಕಣವ್ವ. ಮೊದ್ಲು ಯೋಳ್ದೆ. ಆಗ ಆ ಸಿಸ್ಟ್ರು ನನ್ನ ಕೈ ಇಡ್ಕಂಡು ಕರ್ಕಂಡೋಗಿ ಆ ಟೀವಿ ತೋರ್ಸುದ್ರು. ನೋಡಮ್ಮ, ನಿನ್ನೆಸ್ರು, ನಿನ್ನ ಗಂಡನೆಸ್ರು, ನಿಮ್ಮೂರು. ನೀನು ವರ್ಸದಿಂದ ತಗಂತಾ ಇದ್ದೀಯ ಅಂದ್ರು. ನಾನು ಓದ್ದೋಳಲ್ಲ. ಅವರು ಓದಿ ಯೋಳೋವಾಗ ಎಲ್ಲಾ ಸರಿಯಾಗೇ ಇತ್ತು. ನಾನೇ ಮರ್ತಿದ್ದೀನೇನೋ ಅಂದ್ಕಂಡೆ. ನಂಗೆ ಏನೋ ಆಗೋಗದೆ, ತಗಂಡಿರೋದೇ ಗ್ಯಾನ ಇಲ್ಲ, ಅಂತ ಒಳಗೊಳಗೇ ದಿಗಿಲಾಗೋಯ್ತು. ಸೂಜಿಗಿಂತ ಅದ್ಕೇ ಎದರ್ಕಂಡೆ. ಸುಮ್ನೆ ಕೈ ಕೊಟ್ಬುಟ್ಟೆ."

ರಾಣಿ ಅವಳ ಕೈ ಹಿಡಿದುಕೊಂಡಳು. "ನೀವೇನೂ ಮರೆತಿರಲಿಲ್ಲ. ತಪ್ಪು ನಮ್ಮದು" ಎಂದಳು.

"ಅಂಗಂತ ಡಾಕ್ಟ್ರೂ ಅಂದ್ರು ಬುಡವ್ವ" ಎಂದು ಪುಟ್ಟಮಾದಮ್ಮ ನಕ್ಕಳು. ಆದರೆ ಮೆಟ್ಟಿಲಿಳಿಯುವಾಗ ಅತ್ತೆಯನ್ನು ಕೇಳುತ್ತಿದ್ದಳು. "ಅತ್ತೆಮ್ಮ, ನಾನು ಬಂದಾಗ ಚೀಲ ಒಂದೇ ತಂದಿದ್ದು ತಾನೆ? ಸರ್ಯಾಗಿ ನೆಪ್ಪದಾ ನಿಮ್ಗೆ?"

ಎರಡು ಪಾಯಿಂಟ್ ಎರಡನ್ನು ರಾಣಿ ಒಬ್ಬಳೇ ಬರೆದಳು. ಹಕಾರದ ನಿಯಮ ಉಳಿಯಿತು. ಆದರೆ ಸಂಗಮ ತಾನಾಗಿ ಯಾರನ್ನೂ ಕೂಡಿಸುತ್ತಿರಲಿಲ್ಲ. ಇಬ್ಬರನ್ನೂ ಪಕ್ಕಪಕ್ಕದಲ್ಲಿ ತೋರಿಸಿ ಸುಮ್ಮನಾಗುತ್ತಿತ್ತು. ಕೂಡಿಸಬೇಕಾದರೆ ರೋಗಿ ಎದುರಿಗಿದ್ದು, ನರ್ಸು ಅವರನ್ನೇ ಕೇಳಿ, ತನ್ನ ಹೆಸರು ಹಾಕಬೇಕು. ಯಾವ ಷರಾವೂ ಅಳಿಯುತ್ತಿರಲಿಲ್ಲ. ಟ್ರಸ್ಟಿನವರು ನೋಡಲು ಬಂದಾಗ ಅದು ತೀರ ನಿಧಾನ ಎಂದರು. ನೀಲಕಂಠಸ್ವಾಮಿಯವರು "ನಿಧಾನವೇ ಇರಲಿ" ಎಂದರು. ಮಾತು ಅಲ್ಲಿಗೆ ಮುಗಿಯಿತು.

ಹುಡುಕಾಟದಲ್ಲಿ ಕೊನೆಗೆ ಉಳಿದವನು ಕೋಟೆ ತಾಲ್ಲೂಕಿನ ಕುಳ್ಳಯ್ಯ. ಕ್ಷಯದ ಮಾತ್ರೆ ನುಂಗುತ್ತಿದ್ದವನು. ಅದೇ ಹೆಸರಿನ ಇನ್ನೊಬ್ಬ ಕುಳ್ಳಯ್ಯನ ಚಿಕಿತ್ಸೆ ಮುಗಿದಿತ್ತು. ಆ ಸೋಮವಾರ ಬೆಳಗ್ಗೆ ಮಾತ್ರೆ ಕೇಳಿಕೊಂಡು ಬಂದವನಿಗೆ 'ನಿನಗೆ ವಾಸಿಯಾಯಿತು, ಇನ್ನು ಬೇಡ' ಎಂದು ಹೇಳಿ ಕಳಿಸಿದ್ದರು. ಮನೆಗೆ ಹೋದರೆ ಬೀಗ. ಕೇರಳದವರು ಗುತ್ತಿಗೆಗೆ ಹಿಡಿದ ಶುಂಠಿ ಹೊಲಗಳಲ್ಲಿ ಕೂಲಿಗೆ ಹೋಗಿದ್ದಾನೆ, ಯಾವ ಹೊಲವೋ ಗೊತ್ತಿಲ್ಲ ಎಂದರು ನೆರೆಯವರು. ರಾಣಿ, ಚಲುವರಾಜು ಕಾಡಂಚಿನ ಶುಂಠಿ ಹೊಲಗಳನ್ನು ಒಂದೊಂದಾಗಿ ಕೇಳಿಕೊಂಡು ಹೋದರು. ಒಂದು ಕಡೆ ಯಾರೋ ಕೂಲಿಯವನು ರಕ್ತ ಕಾರಿ ಸತ್ತ ಎಂದರು. ಆ ಮಾತು ಕೇಳಿದ ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ನಡೆದರು.

ಮುಂದಿನ ಹೊಲದಲ್ಲಿ ಹುಲ್ಲಿನ ಶೆಡ್ಡಿನ ನೆರಳಲ್ಲಿ ಒಬ್ಬ ಮುದುಕ ಕೂತು ಶುಂಠಿಯ ಮಣ್ಣು ಕೆರೆಯುತ್ತಿದ್ದ. ಕೆಮ್ಮುತ್ತಿದ್ದ.

"ನಿಮ್ಮ ಹೆಸರೇನು ಯಜಮಾನ್ರೇ?" ಎಂದಳು ರಾಣಿ.

"ಕುಳ್ಳಯ್ಯ. ಯಾಕವ್ವ?"

"ನೀವು ಕೋಟೆ ಆಸ್ಪತ್ರೇಲಿ ಮಾತ್ರೆ ತಗೋತಿದ್ರಾ?"

"ತಗತಿದ್ದೆ. ವಾಸಿ ಆಗೋಯ್ತು, ಬ್ಯಾಡ ಅಂದ್ರು. ವಾಸಿಯಾಗಿದ್ರೆ ಈ ಕೆಮ್ಮು ಯಾಕೆ ಬುಡ್ತಾ ಇಲ್ಲ, ನೀನೇ ಯೋಳು?"

ಚಲುವರಾಜು ಅಲ್ಲೇ ಮಣ್ಣಿನ ಮೇಲೆ ಕುಸಿದು ಕೂತ. ರಾಣಿ ಚೀಲದಿಂದ ಮಾತ್ರೆಯ ಪೊಟ್ಟಣ ತೆಗೆದಳು. ತೆಗೆದವಳು ಕೊಡಲಿಲ್ಲ. ಮತ್ತೆ ಕೇಳಿದಳು: ತಂದೆಯ ಹೆಸರು, ಊರು, ಮನೆ ಯಾವ ಮರದ ಪಕ್ಕ, ಮೊದಲು ಮಾತ್ರೆ ಕೊಟ್ಟ ಡಾಕ್ಟರು ಗಂಡಸೋ ಹೆಂಗಸೋ, ಮಾತ್ರೆಯ ಬಣ್ಣ ಯಾವುದು. ಮುದುಕ ಬೇಸರವಿಲ್ಲದೆ ಒಂದೊಂದಕ್ಕೂ ಉತ್ತರ ಹೇಳಿದ. ಎಲ್ಲವೂ ಹೊಂದಿತು. ಆದರೂ ಅವಳ ಕೈ ಮುಂದಕ್ಕೆ ಬರಲಿಲ್ಲ.

"ನಮ್ಮ ಜೊತೆ ಆಸ್ಪತ್ರೆಗೆ ಬನ್ನಿ. ಡಾಕ್ಟ್ರು ನಿಮ್ಮನ್ನ ನೋಡಿ, ಅವರ ಕೈಯಾರೆ ಕೊಡಲಿ" ಎಂದಳು.

ಕುಳ್ಳಯ್ಯ ಕೈಯ ಮಣ್ಣು ಕೊಡವಿಕೊಂಡು, ಮೇಸ್ತ್ರಿಗೆ ಕೂಗಿ ಹೇಳಿ, ಅವರ ಹಿಂದೆ ಹೊರಟ.